ಹೆಸರು ಕೇಳದ ವೈಫೈ

ಶಿಗ್ಗಾಂವ, ಸೋಮವಾರ

ಗಾರ್ಮೆಂಟ್ಸ್ ಮಾಲೀಕರಾದ ಕುಬೇರಪ್ಪನವರಿಗೆ, ಹೊಲಿಗೆ ವಿಭಾಗದ ನೀಲಾ ಮಾಡುವ ನಮಸ್ಕಾರ.

ಕಾರ್ಖಾನೆಯ ವೈಫೈಗೆ ಫೋನ್ ಸೇರಿಸಿ, ಅಲ್ಲಿ ತೆರೆಯುವ ಪುಟದಲ್ಲಿ ದೂರು ಬರೆಯಿರಿ, ಹೆಸರು ಬೇಕಿಲ್ಲ, ಬರೆದವರು ಯಾರೆಂದು ನಮಗೂ ತಿಳಿಯುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಅದನ್ನು ನಂಬಿ ಕಳೆದ ವಾರ ಬರೆದೆ: ಸೂಪರ್‌ವೈಸರ್ ಉಳಿವೆಪ್ಪನವರು ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಬೀಗ ಹಾಕುತ್ತಾರೆ, ಬೆಂಕಿ ಬಿದ್ದರೆ ನಾವು ಓಡುವುದೆಲ್ಲಿಗೆ? ನನ್ನ ಫೋನ್ ಕೆಟ್ಟಿತ್ತು. ಪಕ್ಕದ ಯಂತ್ರದ ಯಂಕವ್ವನ ಫೋನ್ ಕೇಳಿ ಪಡೆದು ಅದರಲ್ಲಿ ಬರೆದಿದ್ದೆ. ಏನು ಬರೆದೆ ಎಂದು ಅವಳಿಗೆ ಹೇಳಿರಲಿಲ್ಲ.

ಮರುದಿನ ಉಳಿವೆಪ್ಪನವರು ನೇರವಾಗಿ ಅವಳ ಹತ್ತಿರ ಬಂದರು. "ಬೀಗದ ಸುದ್ದಿ ನಿನಗ್ಯಾಕ ಬೇಕಿತ್ತು? ನಾಳಿಂದ ಬರಬ್ಯಾಡ," ಎಂದರು.

"ನಾ ಏನೂ ಬರ್ದಿಲ್ರಿ," ಎಂದಳು ಯಂಕವ್ವ.

"ನಿನ್ನ ಫೋನಿನಿಂದನ ಬಂದೈತಿ. ಸುಳ್ಳು ಹೇಳಬ್ಯಾಡ."

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಆದರೂ ನನ್ನ ಹೆಸರು ಹೇಳದೆ ಬುತ್ತಿಚೀಲ ಎತ್ತಿಕೊಂಡು ಹೊರಟಳು. ನಾನು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದೆ.

ಹೆಸರು ಕೇಳದಿದ್ದರೂ ಆ ವೈಫೈ ಪ್ರತಿ ಫೋನಿನ ಗುರುತು ಹಿಡಿಯುತ್ತದೆ ಎಂದು ಆಗ ತಿಳಿಯಿತು. ಅದು ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿರದಿದ್ದರೆ ಆ ಗುರುತನ್ನು ಉಳಿವೆಪ್ಪನವರಿಗೆ ತೋರಿಸಿದವರು ಯಾರು? ಈ ಅನುಮಾನ ಇರುವುದರಿಂದಲೇ ಕಾಗದದಲ್ಲಿ ಬರೆದು, ನಿಮ್ಮ ಕೈಗೇ ಕೊಡಬೇಕೆಂದು ಗೇಟಿನ ಕಾವಲುಗಾರನಿಗೆ ಹೇಳಿ ಕಳಿಸಿದ್ದೇನೆ.

ಯಂಕವ್ವನನ್ನು ಮತ್ತೆ ಕೆಲಸಕ್ಕೆ ಕರೆಯಿರಿ, ಹಿಂಬಾಗಿಲು ತೆರೆಸಿರಿ. ಇಂದು ಬೆಳಿಗ್ಗೆ ಅವಳೂರು ಹತ್ತಿಮತ್ತೂರಿಗೆ ಹೋಗಿ ಅವಳನ್ನು ಕರೆತಂದಿದ್ದೇನೆ. ಗೇಟಿನ ಹೊರಗೆ ಇಬ್ಬರೂ ಕುಳಿತಿದ್ದೇವೆ. ಅವಳು ಒಳಗೆ ಬರುವವರೆಗೆ ನಾನೂ ಬರುವುದಿಲ್ಲ.

ಇಂತಿ ನಿಮ್ಮ ಕೆಲಸಗಾರ್ತಿ,
ನೀಲಾ