ನಡೆಯದ ರೂಪಾಯಿ

ಅವ್ವಾ,

ನಿನ್ನ ದೇವರ ಜಗುಲಿಯ ರೂಪಾಯಿ ಖೋಟಾ ಅಲ್ಲವಂತೆ. ಇವತ್ತು ಜಮಖಂಡಿಯ ನಾಣ್ಯ ಪ್ರದರ್ಶನಕ್ಕೆ ಬಂದಿದ್ದ ಪರಿಣತರೊಬ್ಬರು ಭೂತಗನ್ನಡಿ ಹಿಡಿದು ನೋಡಿ ಹೇಳಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ರಾಜನ ಮುಖದ ಬದಲು ಸಿಂಹಗಳನ್ನು ಹಾಕಿದರೆ ಹೇಗೆ ಕಾಣುತ್ತದೆಂದು ನೋಡಲು ಟಂಕಸಾಲೆಯಲ್ಲಿ ಅಚ್ಚು ಹಾಕಿದ ಕೆಲವೇ ಮಾದರಿಗಳಲ್ಲಿ ಒಂದಂತೆ. ನಾನು ಹಿಗ್ಗುವಷ್ಟರಲ್ಲಿ ಅವರೇ ಕೇಳಿದರು: "ಇದನ್ನ ಹಿಂಗ ತಿಕ್ಕಿದವ್ರು ಯಾರ್ರೀ? ಸಿಂಹದ ಮಾರೀನ ಸವದ್ ಹೋಗೇತಲ್ರಿ. ಇನ್ನ ಯಾರೂ ತಗೋಳಂಗಿಲ್ರಿ."

ಯಾರೆಂದು ಹೇಳಲಿ? ಉಣ್ಣೆ ಮಾರಿದ ಸಂತೆಯಲ್ಲಿ ಅಜ್ಜನಿಗೆ ಯಾರೋ ದಾಟಿಸಿದ್ದ ನಾಣ್ಯ ಅದು. ಯಾವ ಅಂಗಡಿಯವನೂ ಮುಟ್ಟಿರಲಿಲ್ಲ. ಸೊಸೆಯಾಗಿ ಬಂದ ನೀನು, "ಪ್ಯಾಟ್ಯಾಗ ನಡೀದ ರೊಕ್ಕ ಬೀರಪ್ಪನ ಹಂತೇಕರ ಇರಲಿ" ಎಂದು ಜಗುಲಿಗೇರಿಸಿದೆ. ಪ್ರತಿ ಅಮಾವಾಸ್ಯೆಗೂ ದೇವರ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ನಲವತ್ತು ವರ್ಷ!

ಹೋದ ವರ್ಷ ಮೊಬೈಲಿನಲ್ಲಿ ಅಂಥದ್ದೇ ಒಂದರ ಚಿತ್ರ, ಅದರ ಬೆಲೆ ನೋಡಿ ನಾನು ಅದನ್ನು ಕಸಿದುಕೊಂಡು ತಿಜೋರಿಯಲ್ಲಿಟ್ಟೆ. "ಅಮಾಸಿಗೆ ಒಮ್ಮಿ ಕೊಡೋ, ತಿಕ್ಕಂಗಿಲ್ಲ, ಬರೇ ಭಂಡಾರದ ಅರಿಷಿಣ ಹಚ್ಚತೇನಿ" ಅಂದೆ ನೀನು.

"ನಿನಗೇನ್ ತಿಳೀತೈತಿ ಬೇ, ಸುಮ್ಕಿರು."

ಮುಂದಿನ ಅಮಾವಾಸ್ಯೆಗೆ ನೀನಿರಲಿಲ್ಲ.

ಬಸ್ಸಿನುದ್ದಕ್ಕೂ ನಿನ್ನನ್ನೇ ಬೈದುಕೊಂಡು ಬಂದೆ. ಈಗ ನಾಣ್ಯವನ್ನು ಜಗುಲಿಯ ಮೇಲಿಟ್ಟಿದ್ದೇನೆ. ತಿಜೋರಿಯಲ್ಲಿದ್ದು ಕಪ್ಪಾಗಿದೆ. ನಾಳೆ ಅಮಾವಾಸ್ಯೆ. ಅರ್ಧ ತಾಸಿನಿಂದ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಡವುತ್ತಿದ್ದೇನೆ, ಸಿಗುತ್ತಿಲ್ಲ.

ಹುಣಸೆಹಣ್ಣು ಎಲ್ಲಿಟ್ಟೀ ಬೇ?