ಇಪ್ಪತ್ತಾರು ಕಿಲೋಮೀಟರ್

ಅಮರನ ಅಪ್ಪಾರಿಗೆ,

ಮುಂಬೈಯಿಂದ ಲಂಡನ್ನಿಗೆ ಏಳು ಸಾವಿರದ ಇನ್ನೂರು ಕಿಲೋಮೀಟರ್, ವಿಮಾನದಾಗ ಒಂಬತ್ತೂವರಿ ತಾಸು ಅಂತ ನಿನ್ನೆ ಉಣ್ಣೂಮುಂದ ಮೊಬೈಲ್ ನೋಡಿ ಹೇಳಿದ್ರಿ. ಹೋಗವರ್ಯಾರು, ಕೇಳಿದವರ್ಯಾರು?

ನಮ್ಮವ್ವನ ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ ಆತು. ಇಲ್ಲೇ ಇಪ್ಪತ್ತಾರು ಕಿಲೋಮೀಟರ್ ಇರೋ ಅಕಿ ಊರು ಖಾನಾಪುರ ಮಾತ್ರ ನಿಮಗ ಭಾಳ ದೂರ. ದಿನಾ ಕಾರ್ಖಾನಿಗೆ ಅಂತ ಮಚ್ಛೆ ಊರತನಾ ಹೋಗ್ತೀರಿ. ಅದ ರಸ್ತಾದಾಗ ಮುಂದ ಅರ್ಧ ತಾಸು, ಅಷ್ಟ.

ನಾನು ಬಸ್ಸಿಗೆ ಹೊಂಟೇನಿ. ರೊಟ್ಟಿ ಬುಟ್ಟಿಯೊಳಗ ಅದಾವು, ಝುಣಕ ಬಿಸಿ ಮಾಡ್ಕೋರಿ. ಹಾಲು ಕಾಸೂಮುಂದ ಮೊಬೈಲ್ ಹಿಡೀಬ್ಯಾಡ್ರಿ, ಉಕ್ಕಿದರ ನೀವ ಒರಸ್ರಿ.

ಅಳಿಯಂದ್ರು ಯಾಕ ಬರಲಿಲ್ಲ ಅಂತ ಅವ್ವ ಕೇಳೇ ಕೇಳ್ತಾಳ. ಖಾನಾಪುರಕ್ಕ ಇನ್ನೂ ವಿಮಾನ ಬಿಟ್ಟಿಲ್ಲವ್ವಾ ಅಂತ ಹೇಳ್ತೇನಿ.

ಪ್ರಮಿಳಾ