ಅಜ್ಜಿ, ಮೊದಲು ಯಾವ ದಡದಲ್ಲಿ ಉಂಡೆ?

ಸೆಲುವಾ ದ್ವೀಪಗಳು
ಫೆಬ್ರವರಿ ಮೂವತ್ತು, ೨೧೮೭

ಸಾವಂತಿ ಅಜ್ಜಿಗೆ, ನಿನ್ನ ಮರಿಮಗಳ ಮರಿಮಗಳು ತಾರಿಣಿಯ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡ. ತಮ್ಮ ನಡುವಿನ ಯುದ್ಧ ನಿಂತ ಮೇಲೆ ಇಲ್ಲಿನ ಮೂಡುದಡದವರೂ ಪಡುದಡದವರೂ ತಮ್ಮ ಹಬ್ಬದ ದಿನವೇ ಶಾಂತಿಯ ದಿನವಾಗಲಿ ಎಂದು ಹಟ ಹಿಡಿದರಂತೆ. ಕೊನೆಗೆ ಯಾರದೂ ಅಲ್ಲದ ಈ ದಿನವನ್ನು ಹುಟ್ಟಿಸಿದರು. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸು. ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ ಬರೆದದ್ದು; ಅಲ್ಲಿ ನೀನೀಗ ನನಗಿಂತ ಚಿಕ್ಕವಳು. ಹಲವು ದೇಶಗಳು ಕೂಡಿ ಇಲ್ಲಿಗೆ ಕಳಿಸುವ ಶಾಂತಿವೀಕ್ಷಕರ ಜೊತೆ ಹೊರಡಲು ಕಾರವಾರದಲ್ಲಿ ಪೆಟ್ಟಿಗೆ ಕಟ್ಟುತ್ತಿರಬೇಕು. ಆದರೂ ಅಜ್ಜಿ ಅಜ್ಜಿಯೇ.

ಆ ಕೆಲಸದವರನ್ನು ಇಲ್ಲಿ ‘ಅರೆಹೊಟ್ಟೆಯವರು’ ಅನ್ನುತ್ತಾರೆ. ಕಾರಣ ನೀನೇ, ಮಹಾತಾಯಿ! ಬಂದ ಮೊದಲ ದಿನವೇ ಒಂದು ದಡದಲ್ಲಿ ಗಡದ್ದಾಗಿ ಉಂಡು, ಇನ್ನೊಂದು ದಡಕ್ಕೆ ದಾಟಿ, “ನಂದು ಊಟ ಆಯ್ತು” ಎಂದು ಕೈಮುಗಿಯುತ್ತೀಯೆ. ನಮ್ಮ ಕಡೆಯ ಸಂಕೋಚ ಅವರ ಕಣ್ಣಿಗೆ ಪಕ್ಷಪಾತ. ಕದನವಿರಾಮ ಮುರಿಯುವುದೊಂದು ಬಾಕಿ. ಅಂದಿನಿಂದ ಹೊರಗಿನ ವೈದ್ಯರಾಗಲಿ, ಬಂದೂಕು ಒಪ್ಪಿಸಿಕೊಳ್ಳಲು ಬಂದವರಾಗಲಿ, ಚುನಾವಣೆ ಕಲಿಸಲು ಬಂದವರಾಗಲಿ, ಇಲ್ಲಿ ಅರ್ಧ ಉಂಡು ಅಲ್ಲಿಗೆ ಅರ್ಧ ಉಳಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಅರೆತಟ್ಟೆಗಳು ಸಿಗುತ್ತವೆ. ಮಧ್ಯಾಹ್ನದ ದೋಣಿಗೆ ‘ಎರಡನೇ ಊಟದ ದೋಣಿ’ ಎಂದೇ ಹೆಸರು. ಆದರೆ ನೀನು ಮೊದಲು ಉಂಡದ್ದು ಎಲ್ಲಿ? “ನಮ್ಮಲ್ಲೇ” ಎಂದು ಎರಡೂ ದಡದವರು ಆಣೆ ಹಾಕುತ್ತಾರೆ. ಚಿಕ್ಕಂದಿನಿಂದ ನನಗೆ ಇದೇ ಹುಳ ತಲೆಯಲ್ಲಿ.

ಇಲ್ಲಿ ಉಳಿದಿರುವ ಕೊನೆಯ ಅರೆಹೊಟ್ಟೆಯವಳು ನಾನು. ಇಂದು ಎರಡೂ ದಡದವರ ಸಭೆ, ನಡುಗಡಲಿನ ಮೀನು ಯಾರಿಗೆ ಎಂಬ ಹಳೇ ತಂಟೆಯನ್ನು ಮೊದಲ ಸಲ ನಾನಿಲ್ಲದೆ ಎತ್ತಿಕೊಂಡಿತು. ಬಗೆಹರಿದರೆ ನಾನು ಹೊರಡಬಹುದು. ಹರಿಯದಿದ್ದರೆ ಮತ್ತೆ ಏನು ಕಾದಿತ್ತೋ. ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಕೂಗಾಟ, ಮೇಜು ಗುದ್ದುವ ಸದ್ದು. ನಡುವೆ ಹೋಗಿ ಕೂರೋಣವೆಂದು ಬಾಗಿಲಿಗೆ ಕೈಯಿಟ್ಟೆ, ಮತ್ತೆ ತೆಗೆದೆ. ನಾನಿಲ್ಲಿ ಮಾಡಿದ ಕೆಲಸಗಳಲ್ಲಿ ಅದೇ ಕಷ್ಟದ್ದು.

ಬಾಗಿಲು ತೆರೆಯಿತು. ಮೂಡುದಡದ ಹಿರಿಯ ಮಾಲೂನ್ ಗೊಣಗುತ್ತ ಬಂದರು, ಹಿಂದೆಯೇ ಪಡುದಡದ ರೆಸಿತಾ.

“ಮುಗೀತು. ಇಬ್ಬರಿಗೂ ಸಮಾಧಾನ ಇಲ್ಲ. ಅಂದ್ಮೇಲೆ ಸರಿಯಾಗೇ ಆಗಿದೆ ಬಿಡು,” ಎಂದರು ರೆಸಿತಾ.

“ನೀನಿನ್ನು ಊರಿಗೆ ಹೋಗು ಮಗಳೇ,” ಎಂದರು ಮಾಲೂನ್. “ಮೊದ್ಲು ಒಂದೇ ಕಡೆ ಕೂತು ಹೊಟ್ಟೆ ತುಂಬ ಉಣ್ಣು.”

ನನಗೆ ಅಳು ಬಂತು. ಕೆಲಸ ಹೋದ ದುಃಖವೂ ಹೌದು, ಸಂತೋಷವೂ ಹೌದು.

ಅಲ್ಲೇ ಮೂವರೂ ಊಟಕ್ಕೆ ಕೂತೆವು. ಒಂದೇ ಪಾತ್ರೆಯ ಅನ್ನ, ಒಂದೇ ಸಾರು, ತುಂಬು ತಟ್ಟೆ. ಅರ್ಧಕ್ಕೆ ಬರುತ್ತಲೇ ನನ್ನ ಕೈ ತಾನಾಗಿ ನಿಂತಿತು. ಉಳಿದದ್ದನ್ನು ಆ ಇಬ್ಬರೂ ತಮ್ಮ ತಟ್ಟೆಗೆ ಹಂಚಿಕೊಂಡರು. ಎಂಜಲು ಎಂದು ಯಾರೂ ಅನ್ನಲಿಲ್ಲ. ಮರುಕ್ಷಣವೇ ನೀನು ಮೊದಲು ಉಂಡದ್ದು ಯಾರಲ್ಲಿ ಎಂದು ಜಗಳ ಶುರು! ಅನ್ನ ಆರಿ ತಣ್ಣಗಾಯಿತು, ಇವರ ಬಾಯಿ ಮಾತ್ರ ಆರಲಿಲ್ಲ. ನಕ್ಕು ನಕ್ಕು ರೆಸಿತಾಗೆ ನೆತ್ತಿ ಹತ್ತಿತು, ನೀರು ಕೊಟ್ಟದ್ದು ಮಾಲೂನ್.

ಅಜ್ಜಿ, ಬಾ. ಆ ತಪ್ಪನ್ನು ತಪ್ಪದೆ ಮಾಡು. ಹೊರಡಿ ಅಂದ ದಿನ ಮುನಿಸಿಕೊಳ್ಳದೆ ಹೊರಡು. ಎಲ್ಲಿ ಉಂಡೆ ಎಂದು ಬರೆದಿಡು ಅಂತ ಕೇಳಲೆಂದೇ ಈ ಕಾಗದಕ್ಕೆ ಕೂತಿದ್ದೆ. ಈಗ ಬೇಡ. ಯಾರಿಗೂ ಹೇಳಬೇಡ, ನನಗೂ. ಇವರಿಗೆ ಉಳಿದಿರುವ ಜಗಳ ಅದೊಂದೇ.